ಇ ಫ್ಲಾಟಿಗೊಂದು ಮೌತ್‌ಪೀಸ್

ಸಾಗರದ ನಮ್ಮ ಬ್ಯಾಂಡ್‌ಸೆಟ್ಟಿಗೆ ಈಚೆಗೆ ಸೇರಿದವರು ಮನೆಗೆ ಬಂದಾಗಲೆಲ್ಲ ಕೇಳುವುದು ಒಂದೇ: "ಶೇಖರಣ್ಣ, ಇ ಫ್ಲಾಟ್ ಕ್ಲಾರಿನೆಟ್ಟಿಗೆ ಯಾವ ಮೌತ್‌ಪೀಸ್ ತಗೊಳ್ಳೋದು?" ಕಂಪನಿಯ ಹೆಸರು ಹೇಳಿಬಿಟ್ಟರೆ ಅವರಿಗೆ ಸಾಕು. ಮೊಬೈಲ್ ತೆಗೆದು ನಿಂತಲ್ಲೇ ತರಿಸಿಕೊಳ್ಳುತ್ತಾರೆ. ನಾನು ಹೆಸರು ಹೇಳುವುದಿಲ್ಲ. ಮುದುಕ ಗುಟ್ಟು ಬಿಡುವುದಿಲ್ಲ ಎಂದುಕೊಂಡು ಹೋಗುತ್ತಾರೆ. ಗುಟ್ಟೇನೂ ಇಲ್ಲ. ಒಂದೇ ಮಾತಿನಲ್ಲಿ ಹೇಳುವ ವಿಷಯ ಅಲ್ಲ, ಅಷ್ಟೇ. ಈಗ ವಾದ್ಯ ಕೆಳಗಿಟ್ಟಾಗಿದೆ, ಪುರುಸೊತ್ತಿದೆ, ಬರೆದಿಡುತ್ತೇನೆ.

ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಇ ಫ್ಲಾಟ್ ಎಂದರೆ ಚಿಕ್ಕ ಕ್ಲಾರಿನೆಟ್. ಮಾಮೂಲಿ ಕ್ಲಾರಿನೆಟ್ಟಿನ ಮುಕ್ಕಾಲು ಉದ್ದ ಬಂದೀತು. ಇಡೀ ಬ್ಯಾಂಡಿನಲ್ಲಿ ಅದರ ದನಿ ಎಲ್ಲಕ್ಕಿಂತ ತೆಳು, ಎಲ್ಲಕ್ಕಿಂತ ಮೇಲೆ. ಟ್ರಂಪೆಟ್ಟು, ಟ್ರಾಂಬೋನು, ಡ್ರಮ್ಮು ಎಷ್ಟೇ ಗದ್ದಲ ಮಾಡಿದರೂ ಅದರ ಮೇಲೊಂದು ಎಳೆಯ ಹಾಗೆ ಇ ಫ್ಲಾಟ್ ಕೇಳುತ್ತದೆ. ಚೆನ್ನಾಗಿ ಊದಿದರೆ ದಿಬ್ಬಣದವರ ಮುಖ ಅರಳುತ್ತದೆ, ತಪ್ಪಿದರೆ ಮುಚ್ಚಿಡಲು ಆಗುವುದಿಲ್ಲ. ವಾದ್ಯದ ತುದಿಗೆ ಸಿಕ್ಕಿಸಿ ಬಾಯಲ್ಲಿಟ್ಟುಕೊಳ್ಳುವ, ಹಕ್ಕಿಯ ಕೊಕ್ಕಿನಂಥ ಕರಿಯ ತುಂಡೇ ಮೌತ್‌ಪೀಸ್. ಅದರ ಅಡಿಗೆ ಬೆತ್ತದ ತೆಳು ಸೀಳನ್ನು, ಅಂದರೆ ರೀಡನ್ನು, ಬಿಗಿದು ಊದಬೇಕು. ಊದಿದಾಗ ರೀಡಿಗೂ ಕೊಕ್ಕಿಗೂ ನಡುವೆ ಕೂದಲೆಳೆಯಷ್ಟು ಜಾಗದಲ್ಲಿ ನಡೆಯುವುದೇ ಸಂಗೀತ. ಉಳಿದದ್ದೆಲ್ಲ ಮರ, ಬೆರಳು ಮತ್ತು ಅಭ್ಯಾಸ.

ನಾನು ಮೊದಲು ಊದುತ್ತಿದ್ದುದು ದೊಡ್ಡ ಕ್ಲಾರಿನೆಟ್. ಇ ಫ್ಲಾಟ್ ಊದುತ್ತಿದ್ದವರು ಘಟ್ಟದ ಕೆಳಗಿನ ಯಾವುದೋ ಬ್ಯಾಂಡಿಗೆ ಹೋದ ಮೇಲೆ ನಮ್ಮ ಮಾಸ್ಟರ್ ಸಿಮಾಂವ್ ಅವರು ಆ ಪುಟ್ಟ ವಾದ್ಯವನ್ನು ನನ್ನ ಕೈಗಿಟ್ಟರು.

"ನಿನ್ನ ಬೆರಳು ಸಪೂರ ಉಂಟು. ನೀನೇ ಊದ್ಬೇಕು."

ತರಬೇತಿ ಅಷ್ಟೇ. ಅದೇ ವಾರ ಹೊಸನಗರದಲ್ಲಿ ಒಂದು ಮದುವೆ. ವರನ ದಿಬ್ಬಣ ಛತ್ರದ ಬಾಗಿಲಿಗೆ ಬಂದು ನಿಂತಿತ್ತು. ಹೆಣ್ಣಿನ ತಾಯಿ ಕೆಂಪು ಆರತಿಯ ತಟ್ಟೆ ಎತ್ತಿದ್ದರು. ಮಾಸ್ಟರ್ ಕಣ್ಣಲ್ಲೇ ಸನ್ನೆ ಮಾಡಿದರು. ನಾನು ಹುಮ್ಮಸ್ಸಿನಿಂದ ಮೇಲಿನ ಸ್ವರಕ್ಕೆ ಹೋದೆ. ಬಂದದ್ದು ಸ್ವರವಲ್ಲ, ತಗಡಿನ ಮೇಲೆ ಮೊಳೆ ಎಳೆದಂಥ ಕೀರಲು. ಆ ತಾಯಿ ಬೆಚ್ಚಿ ಕೈ ಅಲುಗಿಸಿದರು. ಆರತಿಯ ನೀರಷ್ಟೂ ವರನ ಬಿಳಿ ಪಂಚೆಯ ಮೇಲೆ ಚೆಲ್ಲಿತು. ಮುಂದೆ ನಿಂತಿದ್ದ ಹುಡುಗನ ಸೋದರಮಾವ ನನ್ನ ಕಡೆ ತಿರುಗಿ, "ಎಂತದ್ರೀ ಅದು, ಹಾವು ಮೆಟ್ಟಿದ್ರಾ?" ಎಂದರು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಮಾಸ್ಟರ್ ಮಾತ್ರ ಕೈ ಎತ್ತಿ ತಾಳ ಹಿಡಿದು, ಉಳಿದವರನ್ನು ಎಬ್ಬಿಸಿ ನುಡಿಸಿಬಿಟ್ಟರು. ನಾನು ಆಮೇಲೆ ಬಾಯಿಗೆ ವಾದ್ಯ ಇಟ್ಟುಕೊಂಡಿದ್ದೇ ಹೊರತು ಗಾಳಿ ಹಾಕಲಿಲ್ಲ.

ಊಟ ಆದ ಮೇಲೆ ಮಾಸ್ಟರ್ ಬಂದು ನನ್ನ ಮೌತ್‌ಪೀಸ್ ಕಳಚಿಕೊಂಡರು. ಬೈಗುಳಕ್ಕೆ ಕಾದು ನಿಂತಿದ್ದೆ. ಅವರು ನನ್ನ ಹೆಬ್ಬೆರಳು ಹಿಡಿದು ಅದರ ಉಗುರನ್ನು ಕೊಕ್ಕಿನ ತುದಿಯ ಉದ್ದಕ್ಕೂ ಎಳೆಸಿದರು. ಒಂದು ಕಡೆ ಉಗುರು ಸಣ್ಣಗೆ ತಡೆಯಿತು.

"ಕಂಡ್ತಾ? ಇಲ್ಲೊಂದು ಚಕ್ಕೆ ಹಾರಿ ಹೋಗಿದೆ. ಕಣ್ಣಿಗೆ ಕಾಣಲ್ಲ. ಹಿಂದಿನವ ಎಲ್ಲಿ ಬಡಿದು ಇಟ್ಟು ಹೋಗಿದ್ನೋ ಎಂತ ಸುಡುಗಾಡೋ. ನಿನ್ನ ತಪ್ಪಲ್ಲ ಮಾರಾಯ."

ಧೂಳಿನ ಕಣದಷ್ಟು ಚಕ್ಕೆ ಒಂದು ಮದುವೆಯನ್ನೇ ನಿಲ್ಲಿಸುತ್ತದೆ ಎಂದರೆ ನಂಬಲು ನನಗೆ ದಿನಗಳು ಹಿಡಿದವು. ಮರುದಿನ ಅವರ ಮನೆಯಲ್ಲಿ ಪಾಠ. ಕಿಟಕಿಯ ಗಾಜಿನ ತುಂಡಿನ ಮೇಲೆ ಮೌತ್‌ಪೀಸಿನ ಚಪ್ಪಟೆ ಭಾಗವನ್ನು ಇಟ್ಟು ಬೆಳಕಿಗೆ ಹಿಡಿಯುವುದು. ರೀಡ್ ಕೂರುವ ಜಾಗದಲ್ಲಿ ಬೆಳಕು ನುಸುಳಿದರೆ ಅದು ಸಮತಟ್ಟಿಲ್ಲ ಎಂದರ್ಥ. ಆಮೇಲೆ ರೀಡ್ ಕಟ್ಟಿ, ಕೆಳಗಿನ ತೂತನ್ನು ಅಂಗೈಯಿಂದ ಮುಚ್ಚಿ, ಬಾಯಿಂದ ಗಾಳಿ ಎಳೆದುಕೊಳ್ಳುವುದು. ಬಾಯಿ ತೆಗೆದಾಗ ರೀಡ್ ಒಂದು ಕ್ಷಣ ಅಂಟಿಕೊಂಡಿದ್ದು 'ಟಪ್' ಎಂದು ಬಿಡಬೇಕು. ತಕ್ಷಣ ಬಿಟ್ಟರೆ ಎಲ್ಲೋ ಸೋರುತ್ತಿದೆ. ತುದಿಯ ಸಂದು ಅಗಲವಿದ್ದರೆ ಜೋರು ದನಿ, ಆದರೆ ತುಟಿ ಬೇಗ ಸೋಲುತ್ತದೆ. ಕಿರಿದಾಗಿದ್ದರೆ ದನಿ ಕಮ್ಮಿ, ಹಿಡಿತ ಜಾಸ್ತಿ. ಕೊನೆಗೆ ಊದಿ ನೋಡುವಾಗ ಜೋರಾಗಿ ಅಲ್ಲ, ಮೇಲಿನ ಸ್ವರವನ್ನು ಮೆಲ್ಲಗೆ ಊದಬೇಕು. ಜೋರಾಗಿ ಊದಿದರೆ ಎಂಥ ಮೌತ್‌ಪೀಸೂ ಚೆನ್ನಾಗಿದ್ದಂತೆಯೇ ಕೇಳುತ್ತದೆ. ಇದನ್ನೆಲ್ಲ ಅವರು ಸರಸರನೆ ಹೇಳಿ, ತಮ್ಮಲ್ಲಿದ್ದ ಹಳೆಯ ಗಟ್ಟಿ ರಬ್ಬರಿನ ಮೌತ್‌ಪೀಸ್ ಒಂದನ್ನು ನನಗೆ ಕೊಟ್ಟರು. ಅದರ ಬೆನ್ನಿನ ಮೇಲೆ ಯಾರದ್ದೋ ಹಲ್ಲಿನ ಗುರುತು ಇತ್ತು. ವರ್ಷಗಳು ಕಳೆದಂತೆ ಆ ಗುರುತಿನ ಮೇಲೆ ನನ್ನ ಹಲ್ಲಿನ ಗುರುತು ಕೂತಿತು.

ಅದನ್ನು ಕಳೆದುಕೊಂಡದ್ದು ಶರಾವತಿಯ ಹಿನ್ನೀರಿನಲ್ಲಿ. ಈಗ ತುಮರಿ ಕಡೆಗೆ ಸೇತುವೆಯಾಗಿದೆ. ಆಗ ನಮ್ಮ ವ್ಯಾನು, ಡ್ರಮ್ಮು, ನಾವು ಎಲ್ಲ ಲಾಂಚಿನಲ್ಲೇ ದಾಟಬೇಕಿತ್ತು. ನಮ್ಮ ಟ್ರಾಂಬೋನಿನ ಮಂಜಣ್ಣ ಮತ್ತು ನಾನು ಕಂಬಿಯ ಪಕ್ಕ ನಿಂತಿದ್ದೆವು. ಮಂಜಣ್ಣ ಎಂದರೆ ದಪ್ಪ ದನಿ, ದಪ್ಪ ಕುತ್ತಿಗೆ, ಯಾವಾಗಲೂ ಕೆನ್ನೆಯಲ್ಲಿ ಎಲೆಅಡಿಕೆಯ ಕವಳ. ಹೊಗೆಸೊಪ್ಪಿಲ್ಲದಿದ್ದರೆ ಅವನಿಗೆ ಅದು ಕವಳವೇ ಅಲ್ಲ. ಇಡೀ ಸೆಟ್ಟಿನಲ್ಲಿ ನನಗೆ ಅವನಷ್ಟು ಹತ್ತಿರದವರು ಯಾರೂ ಇರಲಿಲ್ಲ. ನಾನು ರೀಡ್ ನೆನೆಸಿ ಕಟ್ಟಿಕೊಳ್ಳೋಣವೆಂದು ಮೌತ್‌ಪೀಸ್ ಕೈಯಲ್ಲಿ ಹಿಡಿದಿದ್ದೆ. ಲಾಂಚು ದಡಕ್ಕೆ ಧಡ್ ಎಂದು ತಾಗಿತು. ಕೈ ಜಾರಿತು. ಕರಿಯ ತುಂಡು ಕಂಬಿಗೆ ಬಡಿದು, ಪುಟಿದು, ನೀರಿಗೆ ಬಿತ್ತು.

ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ಕಾಲು ಕಂಬಿಯ ಮೇಲೆ ಇತ್ತಂತೆ. ಮಂಜಣ್ಣ ಹಿಂದಿನಿಂದ ಯೂನಿಫಾರಮ್ಮಿನ ಕಾಲರ್ ಹಿಡಿದೆಳೆದು ನೆಲಕ್ಕೆ ಕೂರಿಸಿದ.

"ತಲೆ ಕೆಟ್ಟಿದ್ಯನಾ ನಿಂಗೆ? ಕೆಳಗೆ ಕಾಡೇ ಮುಳುಗಿ ಕೂತಿದೆ. ಎಲ್ಲಿ ಅಂತ ಹುಡುಕ್ತೀಯ?"

ನಾನು ನೀರನ್ನೇ ನೋಡುತ್ತಿದ್ದೆ. ಒಂದು ಗುಳ್ಳೆಯೂ ಮೇಲೆ ಬರಲಿಲ್ಲ.

ಆ ದಿನ ಮದುವೆಮನೆಯಲ್ಲಿ ದೊಡ್ಡ ಕ್ಲಾರಿನೆಟ್ಟಿನ ಮೌತ್‌ಪೀಸನ್ನು ಸಿಕ್ಕಿಸಲು ನೋಡಿದೆ. ಅದರ ಬುಡ ದಪ್ಪ, ನನ್ನ ವಾದ್ಯದ ಬಾಯಿ ಚಿಕ್ಕದು, ಕೂರಲೇ ಇಲ್ಲ. ಮೌತ್‌ಪೀಸಿಲ್ಲದ ವಾದ್ಯವನ್ನು ತುಟಿಯ ಹತ್ತಿರ ಹಿಡಿದು ಬೆರಳಾಡಿಸುತ್ತಾ ದಿಬ್ಬಣದ ಜೊತೆ ನಡೆದೆ. ಮನೆಯವರು ಒಬ್ಬರಿಗೂ ಗೊತ್ತಾಗಲಿಲ್ಲ. ಹೊರಡುವಾಗ ಹುಡುಗಿಯ ಅಪ್ಪ ಬಂದು, "ಆ ಚಿಕ್ಕ ಪೀಪಿಯವರು ಭಾರಿ ಲಾಯ್ಕ ಊದಿದ್ರಿ" ಎಂದು ನನ್ನ ಕೈ ಕುಲುಕಿದರು! ಮೌತ್‌ಪೀಸ್ ಕಳೆದುಕೊಂಡದ್ದಕ್ಕಿಂತ ಅದು ಹೆಚ್ಚು ಆಘಾತ ಕೊಟ್ಟಿತು. ಇಷ್ಟು ವರ್ಷ ನಾನು ಊದಿದ್ದನ್ನು ಯಾರಾದರೂ ಕೇಳಿದ್ದರೇ?

ವ್ಯಾನಿನಲ್ಲಿ ಮಂಜಣ್ಣ ಅದನ್ನು ಹೇಳಿ ಎಲ್ಲರನ್ನೂ ನಗಿಸಿದ. ಮಾಸ್ಟರ್ ನಗಲಿಲ್ಲ.

"ನಂಗೆ ಕೇಳ್ಲಿಲ್ಲ," ಎಂದರು. "ದಾರಿಯಿಡೀ ನಂಗೆ ನಿನ್ನ ದನಿ ಕೇಳ್ಲಿಲ್ಲ. ಸೂರಿಲ್ಲದ ಮನೆ ಹೊಕ್ಕ ಹಾಗೆ ಆಯ್ತು. ಬೇಗ ಒಂದು ತಗೋ."

ಬೇಗ ತೆಗೆದುಕೊಳ್ಳುವುದು ಎಲ್ಲಿಂದ? ಶಿವಮೊಗ್ಗದ ಅಂಗಡಿಗೆ ಹೋದೆ. ಅವಸರದಲ್ಲಿ ವಾದ್ಯವನ್ನು ಮನೆಯಲ್ಲೇ ಬಿಟ್ಟಿದ್ದೆ. ಕ್ಲಾರಿನೆಟ್ಟಿನದು ಎಂದೆ, ಕೊಟ್ಟರು. ಮನೆಗೆ ಬಂದು ನೋಡಿದರೆ ಅದು ದೊಡ್ಡದರದ್ದು. ಹೊಸಬರು ಇಂದಿಗೂ ಮಾಡುವ ತಪ್ಪು ಇದೇ. ಫೋಟೋದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ವಾದ್ಯವನ್ನು ಬಗಲಲ್ಲಿಟ್ಟುಕೊಂಡೇ ಹೋಗಬೇಕು.

ಎರಡನೇ ಸಲ ಹಾಗೇ ಹೋದೆ. ಅಂಗಡಿಯವರು ಬೆಂಗಳೂರಿನಿಂದ ಮೂರು ತರಿಸಿಟ್ಟಿದ್ದರು. ಒಂದು ಗಾಜಿನಂತೆ ಪಾರದರ್ಶಕ, ನೋಡಲು ಚೆಂದ. ಒಂದು ಹಗುರ ಪ್ಲಾಸ್ಟಿಕ್ಕು. ಒಂದು ಗಟ್ಟಿ ರಬ್ಬರು. ನಾನು ಶೋಕೇಸಿನ ಗಾಜಿನ ಮೇಲೆ ಒಂದೊಂದನ್ನೂ ಇಟ್ಟು ಬೆಳಕು ನೋಡಿದೆ, ಉಗುರು ಎಳೆದೆ. ಆಮೇಲೆ ಮಾಸ್ಟರ್ ಹೇಳಿಕೊಟ್ಟ ಹಾಗೆ ರೀಡ್ ಕಟ್ಟಿ, ಅಂಗೈ ಮುಚ್ಚಿ, ಮೂರನ್ನೂ ಬಾಯಿಗಿಟ್ಟು ಗಾಳಿ ಎಳೆದೆ. ಕೌಂಟರಿನಲ್ಲಿದ್ದ ಹೆಂಗಸು ಎದ್ದು ನಿಂತುಬಿಟ್ಟರು.

"ಅಯ್ಯಯ್ಯೋ! ಮೂರೂ ಎಂಜಲು ಮಾಡಿದ್ರಲ್ರೀ! ಯಾರಿಗ್ರೀ ಮಾರೋದು ನಾನು?"

"ಬಾಯಿಗೆ ಇಡದೆ ಹೇಗಮ್ಮ ಗೊತ್ತಾಗೋದು?" ಎಂದೆ.

"ಚಪ್ಪಲಿ ಅಂಗಡೀಲೂ ಹೀಗೇ ಹೇಳ್ತಾರೆ. ಆದ್ರೆ ಅದನ್ನ ಯಾರೂ ನೆಕ್ಕಲ್ಲ," ಎಂದರು.

ಕಡೆಗೆ ಬಿಸಿನೀರು ತಂದುಕೊಟ್ಟು ಉಳಿದೆರಡನ್ನು ನನ್ನ ಕೈಯಲ್ಲೇ ತೊಳೆಸಿದರು. ರಬ್ಬರಿನದ್ದನ್ನು ಹಿಡಿದುಕೊಂಡು ಬಂದೆ. ಗಾಜಿನಂಥದ್ದು ಬೇಡವೆಂದದ್ದಕ್ಕೆ ಕಾರಣ ನಮ್ಮ ಕಡೆಯ ಚಳಿ ಮತ್ತು ಮಳೆ. ಒಳಗೆ ಬಿಸಿ ಉಸಿರು, ಹೊರಗೆ ಥಂಡಿ. ನೀರು ಕಟ್ಟಿಕೊಂಡು ದನಿ ಗುಳುಗುಳು ಎನ್ನುತ್ತದೆ. ಆಗುಂಬೆ ಕಡೆಯ ಮದುವೆಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ ರಬ್ಬರಿನ ಮೌತ್‌ಪೀಸ್ ಬಹಳ ವರ್ಷ ಬಾಳಿತು. ಅಷ್ಟರಲ್ಲಿ ಕಸುಬೇ ಬದಲಾಯಿತು. ಸಿಮಾಂವ್ ಮಾಸ್ಟರ್ ತೀರಿಕೊಂಡರು. ಕೀಬೋರ್ಡ್ ನುಡಿಸುವ ಪ್ರಕಾಶ ಸೆಟ್ಟಿನ ಮುಂದಾಳಾದ. ನನಗಿಂತ ತುಂಬಾ ಚಿಕ್ಕವನು, ಆದರೆ ಕೆಲಸ ಬಲ್ಲವನು. ಮೊದಲು ನಾವು ಮಾಸ್ಟರರ ದೊಡ್ಡ ಕ್ಲಾರಿನೆಟ್ಟಿಗೆ ಶ್ರುತಿ ಸೇರಿಸಿಕೊಳ್ಳುತ್ತಿದ್ದೆವು. ಈಗ ಪ್ರಕಾಶ ಮೊಬೈಲ್ ಹಿಡಿದು, ಅದರಲ್ಲಿ ಶ್ರುತಿ ತೋರಿಸುವ ಮುಳ್ಳು ನಡುವೆ ನಿಲ್ಲುವವರೆಗೆ ಬಿಡುತ್ತಿರಲಿಲ್ಲ. ಅದರಿಂದ ಒಳ್ಳೆಯದೇ ಆಯಿತು ಎನ್ನಬೇಕು.

ನನಗೆ ಗ್ರಹಚಾರ ಹಿಡಿದದ್ದು ತೀರ್ಥಹಳ್ಳಿಯ ಒಂದು ಮದುವೆಯಲ್ಲಿ. ಸಲೀಸಾಗಿ ಹೋಗುತ್ತಿದ್ದ ಮೇಲಿನ ಸ್ವರ ಒಡೆಯಿತು. ಇನ್ನೊಮ್ಮೆ ಹೋದೆ, ಇನ್ನೊಮ್ಮೆ ಒಡೆಯಿತು. ತುಟಿಯ ಎರಡೂ ಮೂಲೆಯಿಂದ ಗಾಳಿ ಉಸ್ ಎಂದು ಸೋರುತ್ತಿತ್ತು. ಮೊಬೈಲಿನ ಮುಳ್ಳು ಕೆಳಗೇ ಬಿದ್ದಿತ್ತು. ಪ್ರಕಾಶ ಕೀಬೋರ್ಡಿನ ದನಿ ಸ್ವಲ್ಪ ಏರಿಸಿದ.

ಮೌತ್‌ಪೀಸ್ ಸವೆದಿದೆ ಎಂದುಕೊಂಡೆ. ರಬ್ಬರೂ ಸವೆಯುತ್ತದಲ್ಲ. ಹೊಸದು ತರಿಸಿದೆ. ಅಂಗಡಿಯ ಬದಲು ಈಗ ಕೊರಿಯರ್. ಅದು ನನ್ನ ತುಟಿಗೆ ಹೊಂದಲಿಲ್ಲ. ಇನ್ನೊಂದು ತರಿಸಿದೆ. ಅದರ ತುದಿ ಸಂದು ಅಗಲ, ಊದಿದರೆ ಕೆನ್ನೆ ಉರಿಯುತ್ತಿತ್ತು. ಮತ್ತೊಂದು. ಗಾಜಿಗೆ ಇಟ್ಟು ನೋಡಿದರೆ ಸರಿ, ಉಗುರಿಗೆ ಸರಿ, ಟಪ್ ಎನ್ನುವುದೂ ಸರಿ. ಬಾಯಿಗಿಟ್ಟರೆ ಮಾತ್ರ ಬೇರೆ ಯಾರದ್ದೋ ಹಲ್ಲುಸೆಟ್ಟು ಹಾಕಿಕೊಂಡ ಹಾಗೆ. ಅಡುಗೆಮನೆಯ ಗೂಡಿನಲ್ಲಿ ಸಾಲಾಗಿ ಇಟ್ಟಿದ್ದೆ. ನನ್ನ ಹೆಂಡತಿ ಗಿರಿಜಾ ಒಗ್ಗರಣೆ ಡಬ್ಬಿ ತೆಗೆಯುವಾಗ ಒಂದು ಉರುಳಿಬಿತ್ತು.

"ಇನ್ನೆಷ್ಟು ತರ್ತೀರಿ? ಎಲ್ಲ ಕಂಪನಿಯವ್ರೂ ಒಟ್ಟಿಗೇ ಕೆಟ್ಟು ಹೋದ್ರಾ?" ಎಂದಳು.

ಆ ಮಾತು ನನಗೆ ತಾಗಲಿಲ್ಲ. ಸಾರು ಖಾರ ಎಂದು ನಾನೇ ಅವಳ ಮೇಲೆ ರೇಗಿದೆ. ಆಗೆಲ್ಲ ದಿನಾ ರೇಗುತ್ತಿದ್ದೆ. ಅವಳು ಮೆಣಸು ಕಮ್ಮಿ ಮಾಡಿ ಮಾಡಿ ಕೊನೆಗೆ ಬಿಟ್ಟೇಬಿಟ್ಟಿದ್ದಳು. ಆದರೂ ನನಗೆ ಬಾಯಿ ಉರಿಯುತ್ತಿತ್ತು.

ಮೇಗರವಳ್ಳಿಯ ಮದುವೆಯಲ್ಲಿ ಪೂರ್ತಿ ಕೈಕೊಟ್ಟಿತು. ಸುಲಭದ ಕೆಳಗಿನ ಸ್ವರಗಳೂ ನಿಲ್ಲಲಿಲ್ಲ. ಪ್ರಕಾಶ ನನ್ನನ್ನು ವ್ಯಾನಿನ ಹಿಂದಕ್ಕೆ ಕರೆದುಕೊಂಡು ಹೋದ. ಅವನ ಕಣ್ಣು ನೆಲದ ಮೇಲಿತ್ತು.

"ಶೇಖರಣ್ಣ, ತಪ್ಪು ತಿಳ್ಕೋಬೇಡಿ. ಇ ಫ್ಲಾಟಿನ ಲೈನ್ ನಾ ಕೀಬೋರ್ಡಲ್ಲಿ ಹಾಕ್ಕೋತೀನಿ. ನೀವು ಹಾಗೇ ಜೊತೆಗೆ ನಿಂತಿರಿ. ವಾದ್ಯ ಕೈಲಿದ್ರೆ ಸಾಕು."

"ಮೌತ್‌ಪೀಸ್ ಸಿಗ್ಲಿ, ಸರಿಯಾಗುತ್ತೆ," ಎಂದೆ. ಅವನು ತಲೆಯಾಡಿಸಿದ. ನಂಬಿರಲಿಲ್ಲ.

ನಾನು ಹೊಸ ತರ್ಕ ಹೂಡಿದೆ. ಇಷ್ಟು ಮೌತ್‌ಪೀಸೂ ಸರಿಯಿಲ್ಲದಿರಲು ಸಾಧ್ಯವಿಲ್ಲ. ವಯಸ್ಸಿಗೆ ನನ್ನ ಮೇಲಿನ ಮುಂದಿನ ಹಲ್ಲು ಉದ್ದವಾಗಿರಬೇಕು, ಅದಕ್ಕೇ ಕೊಕ್ಕು ಸರಿಯಾಗಿ ಕೂರುತ್ತಿಲ್ಲ. ಹಲ್ಲನ್ನು ಸ್ವಲ್ಪ ಅರೆಸಿದರಾಯಿತು. ಹೊಸನಗರದಲ್ಲಿ ನಮ್ಮ ಒಂದು ಮದುವೆಯ ಛತ್ರದ ಎದುರಿಗೇ ಹಲ್ಲಿನ ಕ್ಲಿನಿಕ್ ಕಂಡಿತು. ಊಟ ಮುಗಿಸಿ ಎಲ್ಲರೂ ಸಾಮಾನು ಕಟ್ಟುತ್ತಿದ್ದಾಗ ನಾನು ಮಂಜಣ್ಣನಿಗೆ ಹೇಳಿ ರಸ್ತೆ ದಾಟಿದೆ. ಮೈಮೇಲೆ ಚಿನ್ನದ ಬಣ್ಣದ ಪಟ್ಟಿಯ ಕೆಂಪು ಯೂನಿಫಾರಮ್, ಕೈಯಲ್ಲಿ ಮೌತ್‌ಪೀಸುಗಳ ಚೀಲ.

ಡಾಕ್ಟರಮ್ಮ ನನ್ನ ಮಗಳ ಪ್ರಾಯದವರು. ನಾನು ಚೀಲ ಬಿಚ್ಚಿ ಅವರ ಮೇಜಿನ ಮೇಲೆ ಮೌತ್‌ಪೀಸುಗಳನ್ನು ಜೋಡಿಸಿ ಎಲ್ಲ ವಿವರಿಸಿದೆ. ಅವರು ಒಂದನ್ನು ಕೈಗೆತ್ತಿಕೊಂಡು ಆಸಕ್ತಿಯಿಂದಲೇ ಕೇಳಿದರು. ಆಮೇಲೆ ಕುರ್ಚಿಯಲ್ಲಿ ಮಲಗಿಸಿ ದೀಪ ಹಾಕಿದರು.

"ಬಾಯಿ ತೆಗೀರಿ."

ತೆಗೆದೆ.

"ಇನ್ನೂ ದೊಡ್ಡದಾಗಿ."

"ಇಷ್ಟೇ ಮೇಡಂ."

"ಪೂರ್ತಿ ತೆಗೀರಿ ಅಂದೆ."

"ಪೂರ್ತಿನೇ ತೆಗ್ದಿದೀನಿ," ಎಂದೆ. ನನಗೆ ಸಿಟ್ಟು ಬರುತ್ತಿತ್ತು.

ಅವರು ಕನ್ನಡಿ ಕೆಳಗಿಟ್ಟರು. "ನಿಮ್ಮ ಮೂರು ಬೆರಳು ಸೇರಿಸಿ, ನೇರ ನಿಲ್ಲಿಸಿ ಬಾಯೊಳಗೆ ಇಟ್ಕೊಳ್ಳಿ ನೋಡೋಣ. ಹೀಗೆ." ತಾವೇ ಮಾಡಿ ತೋರಿಸಿದರು. ಅವರಿಗೆ ಸಲೀಸಾಗಿ ಹೋಯಿತು.

ನನಗೆ ಎರಡು ಹೋಯಿತು. ಮೂರನೆಯದು ಹಲ್ಲಿಗೆ ತಡೆದು ಹೊರಗೇ ನಿಂತಿತು. ಒತ್ತಿದೆ. ದವಡೆ ಬೀಗ ಹಾಕಿದ ಬಾಗಿಲಿನ ಹಾಗಿತ್ತು. ಜೀವಮಾನವೆಲ್ಲ ಬಾಯಿಂದಲೇ ಅನ್ನ ಸಂಪಾದಿಸಿದವನಿಗೆ ತನ್ನ ಬಾಯಿ ಮುಚ್ಚಿಕೊಳ್ಳುತ್ತಿರುವುದು ಗೊತ್ತೇ ಆಗಿರಲಿಲ್ಲ.

ಅವರು ಕೈಗವಸಿನ ಬೆರಳಿನಿಂದ ಕೆನ್ನೆಯ ಒಳಗೆ ಒತ್ತುತ್ತಾ ಹೋದರು. "ಒಳಗೆಲ್ಲ ಬೆಳ್ಳಗಾಗಿದೆ, ಹಗ್ಗದ ಥರ ಗಟ್ಟಿಯಾಗಿದೆ. ಖಾರ ಉರಿಯುತ್ತಾ?"

"ಹೌದು."

"ಶಿಳ್ಳೆ ಹಾಕೋಕಾಗುತ್ತಾ?"

ಪ್ರಯತ್ನಿಸಿದೆ. ಬರೀ ಗಾಳಿ ಬಂತು.

"ಹೊಗೆಸೊಪ್ಪು, ಗುಟ್ಕಾ?"

"ಯಾವತ್ತೂ ಇಲ್ಲ ಮೇಡಂ. ಸಿಗರೇಟೂ ಇಲ್ಲ," ಎಂದು ಹೆಮ್ಮೆಯಿಂದಲೇ ಹೇಳಿದೆ. "ಬರೀ ಅಡಿಕೆ. ಬಾಯಿ ಒಣಗಬಾರ್ದು ಅಂತ ಒಂದೊಂದು ಹೋಳು ಕೆನ್ನೆಯಲ್ಲಿ ಇಟ್ಕೊಂಡಿರ್ತೀನಿ. ನಮ್ಮದೇ ತೋಟದ್ದು."

ಅವರು ದೀಪವನ್ನು ಪಕ್ಕಕ್ಕೆ ಸರಿಸಿದರು. "ಅದೇ. ಇದಕ್ಕೆ ಹೊಗೆಸೊಪ್ಪು ಬೇಕಾಗಿಲ್ಲ. ಅಡಿಕೆ ಒಂದೇ ಸಾಕು."

ನಾನು ಎದ್ದು ಕೂತೆ. ಯಾರೋ ಗೊತ್ತಿಲ್ಲದವರು ಮನೆಯವರ ಮೇಲೆ ಕೊಲೆಯ ಆಪಾದನೆ ಹೊರಿಸಿದಂತಾಯಿತು. ನನ್ನ ಅಪ್ಪ ಗೇಣಿಗೆ ದುಡಿದು, ಉಳುವವನೇ ಒಡೆಯ ಎಂಬ ಕಾನೂನು ಬಂದ ಮೇಲೆ ಸ್ವಂತವಾದ ಜಾಗದಲ್ಲಿ ಹಾಕಿದ ಗಿಡಗಳು ಅವು. ನಾನು ಬ್ಯಾಂಡಿಗೆ ಹೋಗದ ದಿನಗಳಲ್ಲಿ ನಮ್ಮ ಮನೆ ನಡೆದದ್ದು ಅವುಗಳಿಂದ.

"ಇದು ಕ್ಯಾನ್ಸರಾ?" ಎಂದು ಕೇಳಿದೆ.

"ಅಲ್ಲ. ಆದ್ರೆ ಕೆಲವರಿಗೆ ಮುಂದೆ ಆಗ್ಬಹುದು. ಗಟ್ಟಿಯಾಗಿರೋದು ಪೂರ್ತಿ ಮೊದಲಿನ ಹಾಗೆ ಆಗಲ್ಲ, ಸುಳ್ಳು ಹೇಳಲ್ಲ ನಾನು. ಅಡಿಕೆ ಇವತ್ತೇ ನಿಲ್ಲಿಸಿ. ವ್ಯಾಯಾಮ ಹೇಳ್ಕೊಡ್ತೀನಿ. ತಪ್ಪದೆ ಬಂದು ತೋರಿಸಿ." ಆಮೇಲೆ ಮೇಜಿನ ಮೇಲಿನ ಮೌತ್‌ಪೀಸುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಟ್ಟರು. "ಇವುಗಳಲ್ಲಿ ಯಾವುದಕ್ಕೂ ಏನೂ ಆಗಿಲ್ಲ."

ಹೊರಗೆ ಬಂದಾಗ ವ್ಯಾನು ಕಾಯುತ್ತಿತ್ತು. "ಹಲ್ಲು ಅರೆಸಿದ್ಯಾ?" ಎಂದು ಮಂಜಣ್ಣ ಕೇಳಿದ. ಆಗತಾನೇ ಮದುವೆಮನೆಯ ತಟ್ಟೆಯಿಂದ ತಂದ ಕವಳ ಅವನ ಕೆನ್ನೆಯಲ್ಲಿತ್ತು. ನಾನು ಮುಚ್ಚುಮರೆ ಮಾಡದೆ ಎಲ್ಲ ಹೇಳಿಬಿಟ್ಟೆ. ಅಡಿಕೆಯಿಂದ ಅಂದದ್ದಕ್ಕೆ ಎಲ್ಲರೂ ನಕ್ಕರು. ನಮ್ಮಜ್ಜಿ ತೊಂಬತ್ತು ವರ್ಷ ತಿಂದಿದ್ದಳು ಎಂದು ಒಬ್ಬ, ಡಾಕ್ಟರಿಗೆಲ್ಲ ಹೆದರಿಸೋದೇ ಕೆಲಸ ಎಂದು ಇನ್ನೊಬ್ಬ. ಆಮೇಲೆ ಪ್ರಕಾಶ ತಮಾಷೆಗೆ ಮೂರು ಬೆರಳು ಬಾಯಿಗಿಟ್ಟು ನೋಡಿದ. ಹೋಯಿತು. ಪಕ್ಕದವನೂ ಇಟ್ಟ. ವ್ಯಾನು ಸಾಗರದ ರಸ್ತೆ ಹಿಡಿದಿತ್ತು. ಒಬ್ಬೊಬ್ಬರೂ ಬಾಯಿಗೆ ಬೆರಳಿಟ್ಟು ನೋಡತೊಡಗಿದರು. ನಗು ತಾನಾಗಿಯೇ ಕಮ್ಮಿಯಾಯಿತು. ಡ್ರಮ್ಮಿನವನಿಗೆ ಕಷ್ಟದಲ್ಲಿ ಹೋಯಿತು. ಕೊನೆಗೆ ಎಲ್ಲರೂ ಮಂಜಣ್ಣನ ಕಡೆ ತಿರುಗಿದರು.

ಅವನು ಕಿಟಕಿಯಿಂದ ಹೊರಗೆ ಉಗಿದು, ಬಾಯಿ ಒರೆಸಿಕೊಂಡು ಪ್ರಯತ್ನಿಸಿದ. ಒಂದೂವರೆ ಬೆರಳಿಗೆ ನಿಂತಿತು.

"ನನ್ನ ಬೆರಳು ದಪ್ಪ ಮಾರಾಯ," ಎಂದು ನಕ್ಕ.

ಯಾರೂ ನಗಲಿಲ್ಲ. "ನನ್ನ ಬೆರಳಲ್ಲಿ ನೋಡು," ಎಂದು ನನ್ನ ಸಪೂರ ಬೆರಳುಗಳನ್ನು ಒಡ್ಡಿದೆ. ಎರಡೂ ಸರಿಯಾಗಿ ಹೋಗಲಿಲ್ಲ. ಬೆರಳ ತುದಿಗೆ ಅವನ ಕೆನ್ನೆಯ ಒಳಗೆ ಒಂದು ಕಡೆ ಗಡುಸಾಗಿ, ಮರದ ಚಕ್ಕೆಯಂತೆ ಏನೋ ತಾಗಿತು.

"ಇದೆಂತ?"

"ಅದು ಎಷ್ಟೋ ದಿನದಿಂದ ಇದೆ. ನೋವಿಲ್ಲ," ಎಂದ.

ಅವನನ್ನು ಹೊಸನಗರಕ್ಕೆ ಕರೆದುಕೊಂಡು ಹೋಗುವುದು ಸುಲಭವಾಗಿರಲಿಲ್ಲ. ಮನೆಗೆ ಹೋದರೆ ತೋಟದಲ್ಲಿದ್ದಾನೆ ಎಂದು ಹೇಳಿಸುತ್ತಿದ್ದ. ಕಡೆಗೆ ಅವನ ಹೆಂಡತಿ ಮತ್ತು ಗಿರಿಜಾ ಸೇರಿ, ನಾನೂ ಜೊತೆಗಿದ್ದು, ಬಸ್ಸು ಹತ್ತಿಸಿದೆವು. ಡಾಕ್ಟರಮ್ಮ ದೀಪ ಹಾಕಿ ನೋಡಿದರು, ಬೆರಳಿನಿಂದ ಒತ್ತಿ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಅವರು ಬಾಯಿ ತೆರೆಯುವ ಮೊದಲೇ ನನಗೆ ತಿಳಿಯಿತು. ದೊಡ್ಡ ಆಸ್ಪತ್ರೆಯಲ್ಲಿ ಚೂರು ಮಾಂಸ ತೆಗೆದು ಪರೀಕ್ಷೆಗೆ ಹಾಕಿದರು. ಕ್ಯಾನ್ಸರ್. ಇನ್ನೂ ಕುತ್ತಿಗೆಗೆ ಇಳಿದಿಲ್ಲ, ತಡ ಮಾಡಬೇಡಿ ಎಂದರು.

ಆಸ್ಪತ್ರೆಯ ಬೆಂಚಿನ ಮೇಲೆ ಮಂಜಣ್ಣ ಕೇಳಿದ್ದು ಒಂದೇ ಪ್ರಶ್ನೆ. "ಟ್ರಾಂಬೋನ್ ಊದೋಕಾಗುತ್ತಾ?" ಅಲ್ಲಿದ್ದ ದೊಡ್ಡ ಡಾಕ್ಟರು ಇಲ್ಲ ಎಂದರು. ಅವನು ಟ್ರಾಂಬೋನಿನ ಕೊಳವೆ ಎಳೆಯುವ ಹಾಗೆ ಬಲಗೈಯನ್ನು ಒಮ್ಮೆ ಮುಂದೆ ಚಾಚಿ ಹಿಂದಕ್ಕೆ ತಂದ. ಮತ್ತೆ, "ಸರಿ, ತೆಗೀರಿ," ಎಂದ.

ಆಪರೇಷನ್ನಿನಲ್ಲಿ ಕೆನ್ನೆಯ ಒಂದು ಭಾಗ ಮತ್ತು ಕೆಲವು ಹಲ್ಲು ಹೋದವು. ತೊಡೆಯ ಮಾಂಸ ತಂದು ಕೆನ್ನೆಗೆ ಹೊಲಿದರು. ಮೊದಲ ಸಲ ನೋಡಲು ಹೋದಾಗ ಬೇರೆ ಯಾರದ್ದೋ ಕೋಣೆ ಹೊಕ್ಕೆನೆಂದು ಹಿಂದಕ್ಕೆ ಬಂದುಬಿಟ್ಟೆ. ಒಳಗಿನಿಂದ ಅವನು ಕೈ ತಟ್ಟಿ ಕರೆದ. ಆ ದಿನದ ನನ್ನ ಮುಖ ಅವನು ನೋಡದಿದ್ದರೆ ಚೆನ್ನಾಗಿತ್ತು.

ನಾನು ಅಡಿಕೆ ಬಿಟ್ಟೆ. ಬಿಟ್ಟ ಮೇಲೆ ಗೊತ್ತಾಯಿತು, ಅದು ಎಷ್ಟು ಹಿಡಿದುಕೊಂಡಿತ್ತು ಎಂದು. ತಲೆನೋವು, ಸಿಡುಕು, ಕೈ ತಾನಾಗಿ ಜೇಬಿಗೆ ಹೋಗುವುದು. ಡಾಕ್ಟರಮ್ಮ ಐಸ್‌ಕ್ಯಾಂಡಿಯ ಕಡ್ಡಿಯಂಥ ಚಪ್ಪಟೆ ಕಡ್ಡಿಗಳನ್ನು ಕೊಟ್ಟಿದ್ದರು. ಅವನ್ನು ಒಂದರ ಮೇಲೊಂದು ಪೇರಿಸಿ ಹಲ್ಲುಗಳ ನಡುವೆ ಇಟ್ಟು ಕೂರಬೇಕು. ಅಭ್ಯಾಸವಾದ ಮೇಲೆ ಇನ್ನೊಂದು ಕಡ್ಡಿ ತುರುಕಬೇಕು. ಕಣ್ಣಲ್ಲಿ ನೀರು ಬರುತ್ತಿತ್ತು. ಗಿರಿಜಾ ಎದುರಿಗೆ ಕೂತು ಧಾರಾವಾಹಿ ನೋಡುತ್ತಾ, "ಇನ್ನೊಂದು ಹಾಕಿ," ಎನ್ನುತ್ತಿದ್ದಳು. ಖಾರದ ವಿಷಯಕ್ಕೆ ಅವಳನ್ನು ಬೈದದ್ದಕ್ಕೆಲ್ಲ ಹೀಗೆ ಲೆಕ್ಕ ಚುಕ್ತಾ ಆಯಿತು ಎಂದುಕೊಂಡೆ. ತೋಟವನ್ನು ಏನು ಮಾಡುವುದೆಂದು ಇಬ್ಬರೂ ಒಮ್ಮೆ ಮಾತಾಡಿದೆವು. ಉತ್ತರ ಸಿಗಲಿಲ್ಲ. ಇಂದಿಗೂ ಸಿಕ್ಕಿಲ್ಲ. ಅದನ್ನು ಬಲ್ಲವನಂತೆ ಇಲ್ಲಿ ಬರೆಯಲಾರೆ.

ಬಾಯಿ ಸ್ವಲ್ಪ ಬಿಟ್ಟಿತು. ಪೂರ್ತಿ ಅಲ್ಲ. ಆಗ ಗೂಡಿನಲ್ಲಿದ್ದ ಎಲ್ಲ ಮೌತ್‌ಪೀಸುಗಳನ್ನೂ ಇಳಿಸಿ ಮತ್ತೆ ಆರಿಸಲು ಕೂತೆ. ಈ ಸಲ ಆರಿಸಿದ್ದು ಹಿಂದೆ ಊದುತ್ತಿದ್ದ ಶೇಖರನಿಗಲ್ಲ, ಈಗ ಇರುವ ಬಾಯಿಗೆ. ತುದಿಯ ಸಂದು ಎಲ್ಲಕ್ಕಿಂತ ಕಿರಿದಾಗಿದ್ದದ್ದನ್ನು ತೆಗೆದು, ಮೆದುವಾದ ರೀಡ್ ಕಟ್ಟಿದೆ. ಊದುವಾಗ ಕೆನ್ನೆಗೆ ಬೀಳುವ ಭಾರ ಕಮ್ಮಿಯಾಯಿತು. ಮೊದಲ ದಿನ ನಾಲ್ಕು ಸ್ವರ ಬಂತು. ದನಿ ಸಣ್ಣದು, ಆದರೆ ಒಡಕಿಲ್ಲದ್ದು. ಅಡುಗೆಮನೆಯಿಂದ ಸೌಟಿನ ಸದ್ದು ನಿಂತಿತು. ಗಿರಿಜಾ ಬಾಗಿಲಿಗೆ ಬಂದು ನಿಂತು ಕೇಳಿದಳು, ಮತ್ತೆ ಒಳಗೆ ಹೋದಳು.

ಹೊಸಬರು ಕೇಳುವ ಪ್ರಶ್ನೆಗೆ ನನ್ನಲ್ಲಿರುವ ಉತ್ತರ ಇಷ್ಟೇ. ಗಾಜಿಗಿಟ್ಟು ನೋಡಿ, ಉಗುರು ಎಳೆಯಿರಿ, ಗಾಳಿ ಎಳೆದು ನೋಡಿ, ಮೆಲ್ಲಗೆ ಊದಿ. ಇಷ್ಟಾದ ಮೇಲೂ ಸರಿಬರದಿದ್ದರೆ ಇನ್ನೊಂದನ್ನು ತರಿಸುವ ಮೊದಲು ಕನ್ನಡಿಯ ಮುಂದೆ ನಿಂತು ಬಾಯಿ ತೆಗೆದು ನೋಡಿಕೊಳ್ಳಿ.

ನಾನು ಕೊನೆಯದಾಗಿ ಊದಿದ್ದು ತೀರ್ಥಹಳ್ಳಿಯ ಒಂದು ಮದುವೆಯಲ್ಲಿ. ಆ ಹೊತ್ತಿಗೆ ಮಂಜಣ್ಣನೂ ಸೆಟ್ಟಿಗೆ ಮರಳಿದ್ದ. ಟ್ರಾಂಬೋನ್ ಬೇರೆಯವರ ಕೈಗೆ ಹೋಗಿತ್ತು. ಅವನು ಹಿತ್ತಾಳೆಯ ದೊಡ್ಡ ತಾಳ ಹಿಡಿದು ಡ್ರಮ್ಮಿನ ಪಕ್ಕ ನಿಂತಿದ್ದ. ಒಂದು ಕೆನ್ನೆ ಒಳಕ್ಕೆ ಎಳೆದುಕೊಂಡಿತ್ತು, ಅದಕ್ಕೇ ಮೀಸೆ ಗಡ್ಡ ಬಿಟ್ಟಿದ್ದ. ಪ್ರಕಾಶ ಕೀಬೋರ್ಡಿನಲ್ಲಿ ನನ್ನ ಸಾಲುಗಳನ್ನು ಖಾಲಿ ಬಿಟ್ಟುಕೊಟ್ಟ. ನಾನು ಪೂರ್ತಿ ಅಲ್ಲದಿದ್ದರೂ ಬೇಕಾದಷ್ಟು ಊದಿದೆ. ಮೇಲಿನ ಸ್ವರ ಬಂದಾಗ ನನಗೇ ಆಶ್ಚರ್ಯವಾಗಿ ಮುಂದಿನ ಸಾಲು ಮರೆತುಹೋಯಿತು.

ದಿಬ್ಬಣ ಒಳಗೆ ಹೋದ ಮೇಲೆ ನಾವಿಬ್ಬರೂ ಛತ್ರದ ಮೆಟ್ಟಿಲ ಮೇಲೆ ಕೂತೆವು. ಪಾನಕ ಕೊಟ್ಟಿದ್ದರು. ಮಂಜಣ್ಣ ತಲೆ ಒಂದು ಕಡೆಗೆ ವಾಲಿಸಿ, ಸೋರದ ಹಾಗೆ, ಗುಟುಕು ಗುಟುಕಾಗಿ ಕುಡಿದ. ನಾನು ಮೌತ್‌ಪೀಸ್ ಕಳಚಿ ಬಟ್ಟೆಯಿಂದ ಒರೆಸುತ್ತಿದ್ದೆ. ಆಗಿನ ದಿನಗಳನ್ನು ನೆನೆದು, ಎಷ್ಟೊಂದು ಮೌತ್‌ಪೀಸ್ ತರಿಸಿ ಹಾಳು ಮಾಡಿದೆ ಎಂದು ಗೊಣಗಿದೆ.

ಅವನು ಲೋಟ ಕೆಳಗಿಟ್ಟ. ಈಗ ಅವನ ಮಾತು ಸ್ಪಷ್ಟವಾಗಿ ಬರುವುದಿಲ್ಲ, ಹತ್ತಿರ ಕೂತವರಿಗೇ ತಿಳಿಯುತ್ತದೆ. ನಿಧಾನವಾಗಿ, ಒಂದೊಂದೇ ಶಬ್ದ ಹೊರಡಿಸಿ ಹೇಳಿದ:

"ಅದ್ರಲ್ಲಿ ಒಂದಾದ್ರೂ ನಿನ್ನ ಬಾಯಿಗೆ ಹೊಂದಿದ್ದಿದ್ರೆ, ನಾನು ಸತ್ತು ಹೋಗ್ತಿದ್ದೆ ಮಾರಾಯ."

ನನ್ನ ಕೈಯಲ್ಲಿದ್ದ ಬಟ್ಟೆ ನಿಂತಿತು. ಅವನು ಲೋಟ ಎತ್ತಿಕೊಂಡು ಉಳಿದ ಪಾನಕವನ್ನು ಕುಡಿದು ಮುಗಿಸಿದ.